ಎಡಗೈ ಗವಾಸ್ಕರ್, ತೂತಿನ ಬ್ಯಾಟು, ಸಾಲು ಬಾತುಕೋಳಿ: ಕ್ರೀಡಾ ವ್ಯಂಗ್ಯಚಿತ್ರದಲ್ಲಿ ಎಡವುವುದು ಎಲ್ಲಿ?

ಮಸಿಕುಡಿಕೆ
ಆಟದ ಇತಿಹಾಸದ ವಿಚಿತ್ರ ಗಳಿಗೆಗಳ ಮೇಲೆ ಐದು ವ್ಯಂಗ್ಯಚಿತ್ರಗಳ ಸರಣಿ ನಡೀತಾ ಇದೆ. ಮೂಲ ಎ3 ಹಾಳೆ, ಅಚ್ಚಾಗೋದು ಎ5 ಅಳತೆಯಲ್ಲಿ, ಕಪ್ಪು-ಬಿಳುಪು. ಮೊದಲನೇದು 1981-82ರ ರಣಜಿ ಸೆಮಿಫೈನಲ್, ಬೆಂಗಳೂರು, ಕರ್ನಾಟಕ ವಿರುದ್ಧ ಬಾಂಬೆ: ಸುನಿಲ್ ಗವಾಸ್ಕರ್ ಎಡಗೈಯಲ್ಲಿ ಆಡಿದ ಇನಿಂಗ್ಸ್. ಬಲಗೈ ಗವಾಸ್ಕರ್ ಫೋಟೋ ತಿರುವಿಹಾಕಿ ಅದರ ಮೇಲೆ ಗೆರೆ ಎಳೆದದ್ದಾಯ್ತು. ಅಂಗಸೌಷ್ಠವ ಸರಿ ಇದೆ, ನಗು ಮಾತ್ರ ಬರ್ತಾ ಇಲ್ಲ. ಎಲ್ಲಿ ತಪ್ಪಿದೆ? ಉಳಿದ ನಾಲ್ಕು: ಸ್ಪಿನ್ನರ್ ಚಂದ್ರಶೇಖರ್ ಅವರ ತೂತಿನ ಬ್ಯಾಟು, ಆಸ್ಟ್ರೇಲಿಯಾದ ವೇಗದ ಬೌಲರ್ ಲಿಲ್ಲಿಯ ಅಲ್ಯೂಮಿನಿಯಂ ಬ್ಯಾಟು, 1912ರ ಮ್ಯಾರಥಾನಿನ ಜಪಾನಿ ಓಟಗಾರ ಕನಕುರಿ, 1928ರ ದೋಣಿ ಪಂದ್ಯದ ಬಾತುಕೋಳಿಗಳು.

ಹಳೆಸ್ಕೋರು
ಮೊದಲು ಘಟನೆ ಸರಿಯಾಗಲಿ, ಚಿತ್ರ ಆಮೇಲೆ. ಬಾಂಬೆ ಮೊದಲ ಇನಿಂಗ್ಸ್ 271. ಎಡಗೈ ಸ್ಪಿನ್ನರ್ ರಘುರಾಮ್ ಭಟ್ 123 ರನ್ನಿಗೆ 8 ವಿಕೆಟ್, ಅದರಲ್ಲೊಂದು ಹ್ಯಾಟ್ರಿಕ್. ಕರ್ನಾಟಕ 470. ಎರಡನೇ ಇನಿಂಗ್ಸಲ್ಲಿ ಬಾಂಬೆ 9 ವಿಕೆಟ್‌ಗೆ 200. ಗವಾಸ್ಕರ್ ಈ ಸಲ ಓಪನಿಂಗ್ ಬರಲಿಲ್ಲ, ಕೆಳಗಿನ ಕ್ರಮಾಂಕದಲ್ಲಿ ಬಂದು ಸುಮಾರು ಒಂದು ಗಂಟೆ ನಿಂತು ಔಟಾಗದೆ 18. ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ ಕರ್ನಾಟಕ ಫೈನಲ್‌ಗೆ ಹೋಯ್ತು.

ಬಹಳ ಜನ ‘ಇಡೀ ಇನಿಂಗ್ಸ್ ಎಡಗೈಯಲ್ಲಿ ಆಡಿದರು’ ಅಂತ ಬರೀತಾರೆ. ಹಾಗಲ್ಲ. ಭಟ್ ಎದುರು ಎಡಗೈ, ಉಳಿದ ಬೌಲರುಗಳ ಎದುರು ಬಲಗೈ. ಕಾರಣವೂ ಸರಳ. ಪಿಚ್ ಒಡೆದಿತ್ತು. ಎಡಗೈ ಸ್ಪಿನ್ನರ್ ಹಾಕಿದ ಚೆಂಡು ಬಲಗೈಯವನಿಂದ ಹೊರಕ್ಕೆ ತಿರುಗುತ್ತೆ, ಅಂಚು ತಾಗಿದರೆ ಸ್ಲಿಪ್ಪಿಗೆ (ಕೀಪರ್ ಪಕ್ಕ ನಿಲ್ಲುವ ಫೀಲ್ಡರಿಗೆ) ಹೋಗುತ್ತೆ. ಎಡಗೈಯಲ್ಲಿ ನಿಂತರೆ ಅದೇ ಚೆಂಡು ಒಳಕ್ಕೆ ಬರುತ್ತೆ, ಪ್ಯಾಡಿಗೋ ಮೈಗೋ ತಾಗಿ ಸಾಯುತ್ತೆ. ಇದು ತಮಾಷೆಗೆ ಮಾಡಿದ್ದಲ್ಲ, ಲೆಕ್ಕಾಚಾರ. ಚಿತ್ರದಲ್ಲಿ ಅದು ಕಾಣದಿದ್ದರೆ ಯಾರೋ ಒಬ್ಬ ಎಡಗೈ ಬ್ಯಾಟ್ಸ್‌ಮನ್ ನಿಂತ ಹಾಗಿರುತ್ತೆ, ಅಷ್ಟೇ.

ಮೂರನೇಸ್ಲಿಪ್
ತಿರುವಿದ ಫೋಟೋದ ತೊಂದರೆ ಅಲ್ಲೇ ಇದೆ. ಫೋಟೋ ತಿರುವಿದರೆ ಹುಟ್ಟಾ ಎಡಗೈಯವನು ಸಿಗ್ತಾನೆ, ಎಡಗೈಗೆ ಬದಲಾದ ಗವಾಸ್ಕರ್ ಸಿಗಲ್ಲ. ಅದರ ಜೊತೆ ಮುಖದ ಓರೆಕೋರೆ, ಬೈತಲೆ, ಅಂಗಿಯ ಗುಂಡಿಪಟ್ಟಿ ಎಲ್ಲಾ ತಿರುಗಿಬಿಡುತ್ತೆ. ಗಂಡಸರ ಅಂಗಿಯಲ್ಲಿ ಎಡ ಅಂಚು ಬಲ ಅಂಚಿನ ಮೇಲೆ ಬರಬೇಕು. ತಿರುವಿದ ಚಿತ್ರದಲ್ಲಿ ಅದು ಉಲ್ಟಾ. ಓದುವವರು ಇದನ್ನು ಹೆಸರಿಟ್ಟು ಹೇಳಲಾರರು, ಆದರೆ ‘ಇವರು ಅವರಲ್ಲ’ ಅಂತ ಕಣ್ಣಿಗೆ ಅನಿಸಿಬಿಡುತ್ತೆ.

ಮುಖವನ್ನು ತಿರುವದ ಫೋಟೋ ನೋಡಿ ಬರೆಯಿರಿ, ಮೈಯನ್ನು ಬೇರೆ ಎಡಗೈ ಆಟಗಾರನ ಫೋಟೋ ನೋಡಿ ಬರೆಯಿರಿ. ಬೌಲರ್ ಬೆನ್ನ ಹಿಂದಿನಿಂದ ನೋಡುವ ಕೋನವಾದರೆ ಹೀಗೆ ತಾಳೆ ನೋಡಿ: ಬಲಗೈ ಆಟಗಾರನ ಎದೆ ಚಿತ್ರದ ಎಡಕ್ಕೆ, ಸ್ಲಿಪ್ಪೂ ಚಿತ್ರದಲ್ಲಿ ಕೀಪರ್‌ಗಿಂತ ಎಡಕ್ಕೆ. ಎಡಗೈಗೆ ಎದೆ ಚಿತ್ರದ ಬಲಕ್ಕೆ, ಸ್ಲಿಪ್ಪೂ ಕೀಪರ್‌ಗಿಂತ ಬಲಕ್ಕೆ. ಹಿಡಿಯಲ್ಲಿ ಬಲಗೈ ಮೇಲೆ, ಎಡಗೈ ಕೆಳಗೆ. ಬಲಗಾಲು ಮುಂದೆ. ಬಹಳ ಚಿತ್ರಗಳಲ್ಲಿ ನಿಲುವು ಎಡಗೈದಾಗಿರುತ್ತೆ, ಹಿಡಿ ಮಾತ್ರ ಬಲಗೈದೇ ಉಳಿದಿರುತ್ತೆ. ಇನ್ನು ಭಟ್ ಬೆನ್ನು ನಮಗೆ ಕಾಣೋದರಿಂದ ಚೆಂಡು ಹಾಕುವ ಕೈ ಚಿತ್ರದ ಎಡಬದಿಯಲ್ಲೇ ಮೇಲೇಳಬೇಕು.

ನಿಬ್ಬುಕುಂಚ
ಅಳತೆ ಬಗ್ಗೆ. ಕಾರ್ಟೂನ್ ಅಂದಮೇಲೆ ಅಳತೆ ಯಾಕೆ ಅನ್ನಬೇಡಿ. ಒಂದನ್ನು ಹಿಗ್ಗಿಸಿದ್ದು ಕಾಣಬೇಕಾದರೆ ಉಳಿದದ್ದು ಅಳತೆಯಲ್ಲಿರಬೇಕು. ಗವಾಸ್ಕರ್ ಎತ್ತರ ಸುಮಾರು 165 ಸೆಂ.ಮೀ. ಎ3ಯಲ್ಲಿ ಆಕೃತಿ 20 ಸೆಂ.ಮೀ. ಇಟ್ಟುಕೊಂಡರೆ:

ಸ್ಟಂಪ್ ಎತ್ತರ 71 ಸೆಂ.ಮೀ., ಚಿತ್ರದಲ್ಲಿ 8.6.
ಮೂರೂ ಸ್ಟಂಪ್ ಸೇರಿ ಅಗಲ 22.9, ಚಿತ್ರದಲ್ಲಿ 2.8.
ಬ್ಯಾಟಿನ ಗರಿಷ್ಠ ಉದ್ದ 96.5, ಚಿತ್ರದಲ್ಲಿ 11.7. ಅಗಲ 10.8, ಚಿತ್ರದಲ್ಲಿ 1.3.
ಚೆಂಡು 9 ಮಿ.ಮೀ. ಒಳಗೇ.

ಇದು ಬ್ಯಾಟ್ಸ್‌ಮನ್ ಪಕ್ಕದಲ್ಲೇ ಇರುವ ವಸ್ತುಗಳ ಲೆಕ್ಕ. ಹತ್ತಿರದ ಬೌಲರ್ ಇನ್ನೂ ದೊಡ್ಡದಾಗಿ ಬರ್ತಾರೆ. ಸಾಮಾನ್ಯವಾಗಿ ಆಗುವ ತಪ್ಪು ಅಂದರೆ ಸ್ಟಂಪನ್ನು ಸೊಂಟದವರೆಗೆ ಎಳೆಯೋದು. ಆಗ ಗವಾಸ್ಕರ್ ಕುಳ್ಳಗಿದ್ದದ್ದು ಕಾಣೋದೇ ಇಲ್ಲ.

ಕಾಲಕ್ಕೆ ಹೊಂದದ ವಸ್ತು ತೆಗೆಯಿರಿ. ಬೆನ್ನ ಮೇಲೆ ಹೆಸರು-ನಂಬರ್ ಬೇಡ, ಬಿಳಿ ಬಟ್ಟೆ, ಕೆಂಪು ಚೆಂಡು. ಪ್ಯಾಡಿಗೆ ವೆಲ್ಕ್ರೋ ಅಲ್ಲ, ಚರ್ಮದ ಪಟ್ಟಿ ಮತ್ತು ಬಕಲ್. ಬಕಲ್ ಎರಡೂ ಕಾಲಿನ ಹೊರಬದಿಗೆ. ಜಾಲರಿ ಇರುವ ಹೆಲ್ಮೆಟ್ ಅಂತೂ ಗವಾಸ್ಕರ್ ತಲೆ ಮೇಲೆ ಯಾವ ಕಾರಣಕ್ಕೂ ಬೇಡ.

ಮಸಿಕುಡಿಕೆ
ಅಂಗಿಯ ಗುಂಡಿಪಟ್ಟಿ ಉಲ್ಟಾ ಆಗಿದ್ದು ನಿಜ. ಸ್ಟಂಪ್ 10.5 ಸೆಂ.ಮೀ. ಆಗಿಹೋಗಿತ್ತು. ಹಾಗಾದರೆ ‘ಬದಲಾವಣೆ’ ತೋರಿಸೋದು ಹೇಗೆ? ಗವಾಸ್ಕರ್ ತಡಬಡಾಯಿಸುವ ಹಾಗೆ ಬರೆದರೆ ನಗು ಬರುತ್ತಾ?

ಮೂರನೇಸ್ಲಿಪ್
ಬೇಡ. ತಡಬಡಾಯಿಸಿದವರು ಒಡೆದ ಪಿಚ್ ಮೇಲೆ ಒಂದು ಗಂಟೆ ನಿಲ್ಲೋಕಾಗಲ್ಲ. ಅವರನ್ನು ತೀರಾ ನೆಮ್ಮದಿಯಾಗಿ ಬರೆಯಿರಿ: ತಲೆ ನೇರ, ಕಣ್ಣು ಚೆಂಡಿನ ಮೇಲೆ, ಮೊಣಕಾಲು ಸ್ವಲ್ಪ ಬಾಗಿದೆ. ನಗು ಸುತ್ತಲಿನವರಲ್ಲಿದೆ. ಒಂದು ರನ್ ಓಡಿದರೆ, ಓವರ್ ಮುಗಿದರೆ ಇಡೀ ಫೀಲ್ಡಿಂಗ್ ಅತ್ತಿಂದಿತ್ತ ಹೋಗಬೇಕಲ್ಲ, ಅದನ್ನು ಹಿಡಿಯಿರಿ.

ಪಕ್ಕಪಕ್ಕ ಎರಡು ಚೌಕ, ಎರಡಕ್ಕೂ ಒಂದೇ ಕೋನ. ಮೊದಲನೇದರಲ್ಲಿ ಬೇರೆ ಬೌಲರ್, ಬಲಗೈ ಗವಾಸ್ಕರ್, ಸ್ಲಿಪ್ ಎಡಕ್ಕೆ. ಎರಡನೇದರಲ್ಲಿ ಭಟ್, ಎಡಗೈ ಗವಾಸ್ಕರ್, ಸ್ಲಿಪ್ಪಿನವನು ಕೀಪರ್ ಬೆನ್ನ ಹಿಂದಿನಿಂದ ಬಲಕ್ಕೆ ಇನ್ನೂ ನಡೀತಾ ಇದ್ದಾನೆ. ಅವನು ನಡೆದ ದಾರಿಯಲ್ಲಿ ಹುಲ್ಲು ಸವೆದ ಗೆರೆ. ಗವಾಸ್ಕರ್ ಮುಖ ಎರಡೂ ಚೌಕದಲ್ಲಿ ಕೂದಲೆಳೆ ವ್ಯತ್ಯಾಸವಿಲ್ಲದೆ ಒಂದೇ ಇರಲಿ. ಲೈಟ್ ಬಾಕ್ಸ್ (ಅಡಿಯಿಂದ ಬೆಳಕು ಬರುವ ನಕಲು ಹಲಗೆ) ಮೇಲಿಟ್ಟು ಮುಖ ಮಾತ್ರ ನಕಲು ತೆಗೆದರೆ ಸಾಕು.

ಅಚ್ಚುಮೊಳೆ
ಎರಡು ಚೌಕ ಅಂದರೆ ಅಚ್ಚಿನಲ್ಲಿ ಎಲ್ಲಾ ಇನ್ನೂ ಸಣ್ಣದಾಗುತ್ತೆ, ಆಕೃತಿ 20 ಸೆಂ.ಮೀ. ಬದಲು 14ಕ್ಕೆ ಇಳಿಸಿ. ಆಗ ಮೇಲಿನ ಅಳತೆಗಳನ್ನೆಲ್ಲ 0.7ರಿಂದ ಗುಣಿಸಿಕೊಳ್ಳಿ. ಗೆರೆ, ಅಕ್ಷರದ ವಿಷಯ ಕೆಳಗೆ ವಿವರವಾಗಿ ಹಾಕ್ತೀನಿ, ಅದಕ್ಕೆ ಬಹಳ ಇದೆ.

ಲೆಗ್‌ಬ್ರೇಕ್
ಚಂದ್ರಶೇಖರ್ ಚಿತ್ರಕ್ಕೆ ಬರೋಣ. 1971ರ ಓವಲ್ ಟೆಸ್ಟನ್ನೂ ಸೇರಿಸಬಹುದಲ್ಲ? ಬೆಲ್ಲಾ ಅನ್ನೋ ಆನೆ ಮೈದಾನದ ಸುತ್ತ ನಡೀತಾ ಇರುವಾಗ ಚಂದ್ರ 38 ರನ್ನಿಗೆ 6 ವಿಕೆಟ್ ತೆಗೆದದ್ದು!

ಹಳೆಸ್ಕೋರು
ಎರಡೂ ಒಂದೇ ದಿನದ್ದಲ್ಲ. ಇಂಗ್ಲೆಂಡ್ 101ಕ್ಕೆ ಆಲೌಟಾಗಿ ಚಂದ್ರ 6 ವಿಕೆಟ್ ತೆಗೆದದ್ದು ಆಗಸ್ಟ್ 23. ಚೆಸಿಂಗ್ಟನ್ ಮೃಗಾಲಯದಿಂದ ಬೆಲ್ಲಾ ಬಂದದ್ದು ಮಾರನೇ ದಿನ, ಆಗಸ್ಟ್ 24, ಗಣೇಶ ಚೌತಿ. ಅವತ್ತು ಭಾರತ 173ರ ಗುರಿ ಮುಟ್ಟಿ 4 ವಿಕೆಟ್‌ಗಳಿಂದ ಗೆದ್ದಿತು. ಆನೆ ಬೇಕಿದ್ದರೆ ಕ್ರೀಸಿನಲ್ಲಿ ಭಾರತದ ಬ್ಯಾಟ್ಸ್‌ಮನ್ನರು ಇರಬೇಕು. ಚಂದ್ರ ಬೌಲಿಂಗ್ ಬೇಕಿದ್ದರೆ ಆನೆ ಬೇಡ. ಅವತ್ತಿಗೆ ಬೇರೆ ಪ್ರಾಣಿ ಸಿಗುತ್ತೆ: ಇಂಗ್ಲೆಂಡ್ ಬ್ಯಾಟ್ಸ್‌ಮನ್ ಎಡ್ರಿಚ್‌ಗೆ ವೇಗದ ಚೆಂಡು ಹಾಕು ಅಂತ ಚಂದ್ರ ಜೊತೆಗಾರ ಸರ್ದೇಸಾಯಿ ‘ಮಿಲ್ ರೀಫ್’ ಹೆಸರು ಕೂಗಿದ್ದು. ಮಿಲ್ ರೀಫ್ ಆ ವರ್ಷ ಡರ್ಬಿ ಗೆದ್ದ ಕುದುರೆ. ಎಡ್ರಿಚ್ ಬ್ಯಾಟು ಕೆಳಗಿಳಿಯೋದರೊಳಗೆ ಸ್ಟಂಪ್ ಹೋಗಿತ್ತು.

ಲೆಗ್‌ಬ್ರೇಕ್
ಸರಿ, ಆನೆ ಬಿಟ್ಟೆ. ಚಂದ್ರ ಆಕೃತಿಗೆ ಬೇಕಾದ ವಿವರ ಇಲ್ಲಿದೆ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಬಲಗೈ ಸಣಕಲಾಗಿತ್ತು. ಬೌಲಿಂಗ್ ಅದೇ ಬಲಗೈಯಲ್ಲಿ, ಫೀಲ್ಡಿಂಗ್ ಮಾಡಿ ಚೆಂಡು ಎಸೆಯೋದು ಎಡಗೈಯಲ್ಲಿ. ತೋಳನ್ನು ಮಣಿಕಟ್ಟಿನವರೆಗೆ ಇಳಿಬಿಟ್ಟು ಗುಂಡಿ ಹಾಕಿದ ಅಂಗಿ. ತೋಳು ಮಡಚಿದ ಹಾಗೆ ಬರೆದರೆ ಅದು ಚಂದ್ರ ಆಗಲ್ಲ. ಗೂಗ್ಲಿ (ಲೆಗ್ ಸ್ಪಿನ್ನರ್ ಉಲ್ಟಾ ತಿರುಗಿಸುವ ಚೆಂಡು) ಬಿಡುವ ಗಳಿಗೆಯಾದರೆ ಕೈಯ ಹಿಂಬದಿ ಬ್ಯಾಟ್ಸ್‌ಮನ್ ಕಡೆ. ಓಟ ಲೆಗ್ ಸ್ಪಿನ್ನರಿಗೆ ಉದ್ದದ್ದು, ವೇಗವೂ ಜಾಸ್ತಿ, ಹಾಗಾಗಿ ನಿಂತು ಹಾಕುವ ಹಾಗೆ ಬರೆಯಬಾರದು, ಅಂಗಿ ಹಿಂದಕ್ಕೆ ಹಾರುತ್ತಿರಬೇಕು.

ಇನ್ನೊಂದು ಮಾತು. ನಗುವಿನ ಭಾರ ಆ ಕೈಯ ಮೇಲೆ ಬೀಳಬಾರದು. ಎಡ್ರಿಚ್ ಬ್ಯಾಟು ಇನ್ನೂ ಹೆಗಲ ಹತ್ತಿರ, ಬೇಲ್ಸ್ ಆಗಲೇ ನೆಲದಲ್ಲಿ, ನಗು ಅಲ್ಲಿರಲಿ. ಬ್ಯಾಟಿನ ವಿಷಯಕ್ಕೆ ಬಂದರೆ ಚಂದ್ರ ಸ್ವತಃ ನಗಿಸಬಲ್ಲರು: ಟೆಸ್ಟಿನಲ್ಲಿ 242 ವಿಕೆಟ್, 167 ರನ್. 1977-78ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ನಾಲ್ಕು ಸೊನ್ನೆ, ಅದರ ನೆನಪಿಗೆ ತೂತು ಕೊರೆದ ಗ್ರೇ-ನಿಕಲ್ಸ್ ಬ್ಯಾಟು ಉಡುಗೊರೆ. ಅದೇ ಪ್ರವಾಸದ ಮೆಲ್ಬರ್ನ್ ಟೆಸ್ಟಲ್ಲಿ ಎರಡೂ ಇನಿಂಗ್ಸಲ್ಲಿ 52 ರನ್ನಿಗೆ 6. ಭಾರತ ಆಸ್ಟ್ರೇಲಿಯಾ ನೆಲದಲ್ಲಿ ಮೊದಲ ಸಲ ಗೆದ್ದ ಟೆಸ್ಟ್ ಅದು. ಈ ಎರಡೂ ಸಂಗತಿ ಒಂದೇ ಚೌಕದಲ್ಲಿ ಬಂದರೆ ಮಾತ್ರ ಚಿತ್ರ ನ್ಯಾಯವಾದದ್ದು.

ನಿಬ್ಬುಕುಂಚ
ತೂತು ಬರೆಯೋದಕ್ಕೂ ಕ್ರಮ ಇದೆ. ಬ್ಯಾಟಿನ ಮೇಲೆ ಬರೀ ಕಪ್ಪು ವೃತ್ತ ತುಂಬಿದರೆ ಚೆಂಡು ಅಂಟಿಕೊಂಡ ಹಾಗೆ ಕಾಣುತ್ತೆ. ಬ್ಯಾಟನ್ನು ಸ್ವಲ್ಪ ಓರೆ ಮಾಡಿ, ತೂತನ್ನು ಅಂಡಾಕಾರ ಮಾಡಿ, ಒಳಗೋಡೆಯ ದಪ್ಪ ಒಂದು ಬದಿಯಲ್ಲಿ ಬಾಲಚಂದ್ರನ ಹಾಗೆ ಕಾಣಲಿ. ಉಳಿದ ಭಾಗದಲ್ಲಿ ಹಿಂದಿನ ದೃಶ್ಯ ಮುಂದುವರಿಯಬೇಕು. ಹಿಂದೆ ಪೆವಿಲಿಯನ್ ಮೆಟ್ಟಿಲಿದ್ದರೆ ಮೆಟ್ಟಿಲಿನ ಗೆರೆ ತೂತಿನೊಳಗೂ ಹಾಯಲಿ. ಆ ತೂತಿನಲ್ಲೇ ಸ್ಕೋರ್‌ಬೋರ್ಡಿನ ‘6’ ಕಾಣಿಸಿದರೆ ಲೆಗ್‌ಬ್ರೇಕ್ ಅವರು ಹೇಳಿದ ಎರಡೂ ಸಂಗತಿ ಒಂದೇ ಕಡೆ ಬಂದವು.

ಲಿಲ್ಲಿ ಚಿತ್ರದಲ್ಲಿ ಇದಕ್ಕಿಂತ ಕಷ್ಟ. ಕಪ್ಪು-ಬಿಳುಪಿನಲ್ಲಿ ಮರ ಯಾವುದು, ಲೋಹ ಯಾವುದು ಅಂತ ಒಂದೇ ನೋಟಕ್ಕೆ ಗೊತ್ತಾಗಬೇಕು. ವಿಲೋ ಬ್ಯಾಟಿಗೆ ಉದ್ದುದ್ದ ಏಳೆಂಟು ತೆಳು ಎಳೆಗೆರೆ, ಕೊನೆ ಸ್ವಲ್ಪ ನಡುಗಿದ ಹಾಗೆ, ನಿಬ್ಬಿನಲ್ಲಿ. ಅಲ್ಯೂಮಿನಿಯಂಗೆ ಎಳೆಗೆರೆ ಒಂದೂ ಬೇಡ. ಕುಂಚದಲ್ಲಿ ಅಂಚಿಗೆ ಹತ್ತಿಕೊಂಡು ಗಾಢ ಕಪ್ಪು ಪಟ್ಟೆ, ಪಕ್ಕದಲ್ಲೇ ಖಾಲಿ ಬಿಳಿ, ನಡುವೆ ಬೂದು ಛಾಯೆಯೇ ಇಲ್ಲ. ಲೋಹ ಹೊಳೆಯೋದು ಈ ಹಠಾತ್ ಬದಲಾವಣೆಯಿಂದ. ಅಡ್ಡಗೆರೆ ಹಾಕಿ ಛಾಯೆ ಕೊಡಲು ಹೋದರೆ ತಗಡಿನ ಡಬ್ಬ ಆಗುತ್ತೆ. ಸದ್ದಿಗೆ ‘ಟಕ್’ ಅಲ್ಲ, ‘ಠಣ್’. ಆ ‘ಠ’ದ ಹೊಟ್ಟೆಯನ್ನು ಬೇಕಾದಷ್ಟು ದೊಡ್ಡದು ಮಾಡಿ, ಈ ಚಿತ್ರದಲ್ಲಿ ಹಿಗ್ಗಿಸಬೇಕಾದ ಒಂದೇ ವಸ್ತು ಅದು.

ಬೌಂಡರಿಗೆರೆ
ನಿಯಮಬಾಹಿರ ಬ್ಯಾಟು ತಂದು ಸಿಕ್ಕಿಬಿದ್ದ ಲಿಲ್ಲಿ ಅಂತ ಅಡಿಬರಹ ಕೊಟ್ಟರೆ ಚೆನ್ನಾಗಿರುತ್ತೆ.

ಹಳೆಸ್ಕೋರು
ತಪ್ಪಾಗುತ್ತೆ. 1979ರ ಡಿಸೆಂಬರ್ 15, ಪರ್ತ್, ಎದುರಾಳಿ ಇಂಗ್ಲೆಂಡ್. ಬ್ಯಾಟಿನ ಅಲಗು ಮರದ್ದೇ ಆಗಿರಬೇಕು ಅನ್ನೋ ನಿಯಮ ಆವತ್ತು ಇರಲೇ ಇಲ್ಲ, 1980ರಲ್ಲಿ ಬಂತು. ಬೋಥಮ್ ಚೆಂಡಿಗೆ ಲಿಲ್ಲಿ ಡ್ರೈವ್ ಹೊಡೆದು ಮೂರು ರನ್ ತೆಗೆದರು. ಚೆಂಡು ಹಾಳಾಗ್ತಿದೆ ಅಂತ ಇಂಗ್ಲೆಂಡ್ ನಾಯಕ ಬ್ರೇರ್ಲಿ ದೂರಿದರು. ತಮಾಷೆ ಏನಂದರೆ ಲಿಲ್ಲಿಯ ಸ್ವಂತ ನಾಯಕ ಗ್ರೆಗ್ ಚಾಪೆಲ್‌ಗೂ ಸಮಾಧಾನ ಇರಲಿಲ್ಲ. ಮರದ ಬ್ಯಾಟಾಗಿದ್ದರೆ ಆ ಹೊಡೆತ ನಾಲ್ಕಕ್ಕೆ ಹೋಗ್ತಿತ್ತು ಅಂತ ಅವರ ಎಣಿಕೆ. ತಂಡದ ರಾಡ್ನಿ ಹಾಗ್ ಕೈಯಲ್ಲಿ ಚಾಪೆಲ್ ಮರದ ಬ್ಯಾಟು ಕಳಿಸಿದರು. ಕೊನೆಗೆ ಲಿಲ್ಲಿ ಅಲ್ಯೂಮಿನಿಯಂ ಬ್ಯಾಟು ಬೀಸಿ ಎಸೆದರು.

ಎರಡೂ ನಾಯಕರು ಒಂದೇ ಬ್ಯಾಟಿನ ವಿರುದ್ಧ, ಆದರೆ ಕಾರಣ ಬೇರೆಬೇರೆ. ಚಿತ್ರದ ಎರಡು ಬದಿಗೆ ಇಬ್ಬರನ್ನೂ ಒಂದೇ ಭಂಗಿಯಲ್ಲಿ ನಿಲ್ಲಿಸಿ. ಅಡಿಬರಹದ ಅಗತ್ಯವೇ ಬೀಳಲ್ಲ.

ಓಟದಹಾದಿ
ಶಿಜೊ ಕನಕುರಿ ಬಗ್ಗೆ. 1912ರ ಸ್ಟಾಕ್‌ಹೋಮ್ ಮ್ಯಾರಥಾನಿನಲ್ಲಿ ಬಿಸಿಲಿಗೆ ಸೋತು, ದಾರಿಬದಿಯ ಒಂದು ಮನೆಯ ತೋಟಕ್ಕೆ ಹೋಗಿ ದಣಿವಾರಿಸಿಕೊಂಡು, ಅಧಿಕಾರಿಗಳಿಗೆ ತಿಳಿಸದೆ ಊರಿಗೆ ಮರಳಿದವರು. 1967ರ ಮಾರ್ಚಿನಲ್ಲಿ ಸ್ವೀಡನ್‌ನವರು ಕರೆಸಿ ಓಟ ಮುಗಿಸಲು ಹೇಳಿದರು. ಅಧಿಕೃತವಾಗಿ ಸಾರಿದ ಸಮಯ: 54 ವರ್ಷ 8 ತಿಂಗಳು 6 ದಿನ 5 ಗಂಟೆ 32 ನಿಮಿಷ 20.3 ಸೆಕೆಂಡು. ಅವರಿಗೆ ಆಗ 75 ವರ್ಷ.

ಚೌಕಗಳ ನಡುವಿನ ಖಾಲಿ ಜಾಗವೇ ಇಲ್ಲಿ ಕೆಲಸ ಮಾಡಬೇಕು. ಮಾಮೂಲಿ 5 ಮಿ.ಮೀ. ಬಿಡ್ತೀರಿ ಅಂದರೆ, ತೋಟದ ಚೌಕ ಮತ್ತು ಕೊನೇ ಚೌಕದ ನಡುವೆ 30 ಮಿ.ಮೀ. ಬಿಡಿ. ಅಲ್ಲಿ ಏನೂ ಬರೀಬೇಡಿ, ಕ್ಯಾಲೆಂಡರ್ ಹಾಳೆ ಹಾರೋದು ಬೇಡ. ಮೊದಲ ಚೌಕದಲ್ಲಿ ಕಾಲಿಗೆ ‘ತಾಬಿ’, ಹೆಬ್ಬೆರಳು ಬೇರೆಯಾಗಿರುವ ಜಪಾನಿ ಬಟ್ಟೆಯ ಪಾದರಕ್ಷೆ. ಕೊನೆಯದರಲ್ಲಿ ಕೋಟು ಹಾಕಿದ ಅಜ್ಜ, ಅದೇ ಓಟದ ಭಂಗಿ, ಅದೇ ಕೋನ. 20.3ರ ಆ ‘.3’ ಅನ್ನು ಬಿಡಬೇಡಿ, ಇಡೀ ನಗು ಆ ದಶಮಾಂಶದಲ್ಲಿದೆ.

ಎರಡು ಎಚ್ಚರಿಕೆ. ‘ಐವತ್ತು ವರ್ಷ ಎಲ್ಲೂ ಪತ್ತೆ ಇರಲಿಲ್ಲ’ ಅಂತ ಬರೀಬೇಡಿ, ಅವರು 1920 ಮತ್ತು 1924ರ ಒಲಿಂಪಿಕ್ಸ್ ಮ್ಯಾರಥಾನಿನಲ್ಲೂ ಓಡಿದವರು. ಇನ್ನೊಂದು, ಅದೇ 1912ರ ಓಟದಲ್ಲಿ ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ಲಾಜರೊ ಕುಸಿದು ಬಿದ್ದು ತೀರಿಕೊಂಡರು. ಹಾಗಾಗಿ ಹಿನ್ನೆಲೆಯಲ್ಲಿ ಬಿದ್ದು ಹೊರಳುವ ಓಟಗಾರರನ್ನು ತಮಾಷೆಗೆ ತುಂಬಿಸಬೇಡಿ. ಆ ದಿನದ ಬಿಸಿಲು ನಗುವ ವಸ್ತು ಅಲ್ಲ.

ಬಾತುಕೋಳಿ ಚಿತ್ರ: 1928, ಆಮ್‌ಸ್ಟರ್‌ಡ್ಯಾಮ್, ಆಸ್ಟ್ರೇಲಿಯಾದ ಬಾಬಿ ಪಿಯರ್ಸ್. ಕ್ವಾರ್ಟರ್ ಫೈನಲ್ ನಡುವೆ ದೋಣಿ ನಿಧಾನ ಮಾಡಿ ಬಾತುಕೋಳಿಗಳ ಸಾಲು ದಾಟಲು ಬಿಟ್ಟು, ಆಮೇಲೂ ಗೆದ್ದರು, ಚಿನ್ನವನ್ನೂ ಗೆದ್ದರು. ಇಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದೇ: ಪಿಯರ್ಸ್ ಎದುರಿಗೆ ಬಾತುಕೋಳಿ ಬರೆಯೋದು. ಹುಟ್ಟುಹಾಕುವವರು ಕೂರೋದು ದೋಣಿ ಸಾಗುವ ದಿಕ್ಕಿಗೆ ಬೆನ್ನು ಮಾಡಿ! ಬಾತುಕೋಳಿ ಅವರ ಬೆನ್ನ ಹಿಂದೆ ಇರಬೇಕು, ಅವರು ಕತ್ತು ತಿರುಗಿಸಿ ನೋಡಬೇಕು. ಒಬ್ಬರೇ ಇರುವ ದೋಣಿ, ಎರಡು ಕೈಗೆ ಎರಡು ಹುಟ್ಟು. ಉದ್ದ ಸುಮಾರು 8 ಮೀಟರ್, ಅಗಲ ಮೊಳದೊಳಗೆ. ಅಂಥ ಸೂಜಿಯಂಥ ದೋಣಿ ಆ ಪುಟ್ಟ ಸಾಲಿಗೆ ಕಾಯೋದೇ ಚೆಂದ, ದೋಣಿಯನ್ನು ಗಿಡ್ಡ ಮಾಡಿದರೆ ಅದು ಹೋಗಿಬಿಡುತ್ತೆ.

ನಿಬ್ಬುಕುಂಚ
ಓಟದಹಾದಿ ಅವರ ಮಾತಿಗೆ ಒಂದು ಹಳೇ ಉದಾಹರಣೆ. ಲಂಡನ್ನಿನ ಟಾಮ್ ವೆಬ್‌ಸ್ಟರ್ 1920ರ ದಶಕದಲ್ಲಿ ದಿನಪತ್ರಿಕೆಗೆ ಆಟದ ಕಾರ್ಟೂನ್ ಬರೀತಿದ್ದವರು. ಓಟದಲ್ಲಿ ಎಲ್ಲಕ್ಕಿಂತ ಹಿಂದೆ ಬಿದ್ದ ಟಿಶಿ ಅನ್ನೋ ರೇಸ್ ಕುದುರೆಗೆ ಮುಂಗಾಲು ಒಂದರ ಮೇಲೊಂದು ಅಡ್ಡ ಹಾಕಿದ ಹಾಗೆ ಬರೆದರು. ಕುದುರೆಯ ಉಳಿದ ಮೈಯೆಲ್ಲ ಕುದುರೆಯದೇ. ಆ ಕಾಲಿನಿಂದಲೇ ಟಿಶಿ ಊರಿಗೆಲ್ಲ ಗೊತ್ತಾಯಿತು. ಒಂದು ಚಿತ್ರಕ್ಕೆ ಒಂದು ಉತ್ಪ್ರೇಕ್ಷೆ ಸಾಕು.

ಅಚ್ಚುಮೊಳೆ
ಈಗ ಅಚ್ಚಿನ ಕಥೆ. ಎ3ಯಿಂದ ಎ5 ಅಂದರೆ ಉದ್ದ-ಅಗಲ ಎರಡೂ ಅರ್ಧ. 0.3 ಮಿ.ಮೀ. ಗೆರೆ 0.15 ಆಗುತ್ತೆ, ಒರಟು ಕಾಗದದಲ್ಲಿ ಮುರಿದು ಹೋಗುತ್ತೆ. ಮೂಲದಲ್ಲಿ ಅತಿ ತೆಳು ಗೆರೆಯೂ 0.5 ಇರಲಿ, ಮುಖ್ಯ ಗೆರೆ 1ರಿಂದ 1.5. ಅಡ್ಡಗೆರೆ ಛಾಯೆಯಲ್ಲಿ ಗೆರೆಗಳ ನಡುವೆ 1 ಮಿ.ಮೀ. ಬಿಡಿ, ಇಲ್ಲಾಂದ್ರೆ ಮಸಿ ಹರಡಿ ಕಪ್ಪು ಮುದ್ದೆ ಆಗುತ್ತೆ. ಬ್ಯಾಟಿನ ಎಳೆಗೆರೆಗೂ ಇದೇ ಲೆಕ್ಕ. ಎರಡು ಚೌಕದ ಚಿತ್ರದಲ್ಲಿ ಬ್ಯಾಟಿನ ಅಗಲ 9 ಮಿ.ಮೀ. ಮಾತ್ರ, ಅಲ್ಲಿ ಏಳೆಂಟು ಹಿಡಿಸಲ್ಲ, ನಾಲ್ಕು ಸಾಕು.

ಕಾಗದ ನುಣುಪಾಗಿರಲಿ, 250-300 ಜಿಎಸ್ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ). ತರಿತರಿ ಮೇಲ್ಮೈ ಇದ್ದರೆ ನಿಬ್ಬು ಸಿಕ್ಕಿ ಮಸಿ ಚಿಮ್ಮುತ್ತೆ. ತೆಳು ಡ್ರಾಯಿಂಗ್ ಹಾಳೆಯಲ್ಲಿ ಕುಂಚದ ಕಪ್ಪು ತುಂಬಿದರೆ ಹಾಳೆ ಸುರುಳಿ ಏಳುತ್ತೆ. ನೀರಿಗೆ ಕರಗದ ಇಂಡಿಯನ್ ಇಂಕ್ ಬಳಸಿ. ಗಾಢ ತುಂಬಿದ ಜಾಗ ಒಣಗೋಕೆ ಮಳೆಗಾಲದಲ್ಲಿ ರಾತ್ರಿಯಿಡೀ ಬಿಡಿ. ಬೇಗ ರಬ್ಬರ್ ಹಾಕಿದರೆ ಕಪ್ಪು ಎದ್ದು ಬೂದಾಗುತ್ತೆ, ಸ್ಕ್ಯಾನ್‌ನಲ್ಲಿ ಅದು ಚುಕ್ಕಿಚುಕ್ಕಿ. ಸ್ಕ್ಯಾನ್ 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ), ಅರ್ಧಕ್ಕೆ ಇಳಿಸಿದಾಗ 1200 ಸಿಗುತ್ತೆ. ಗೆರೆಚಿತ್ರವನ್ನು ಜೆಪೆಗ್ ಮಾಡಿ ಕಳಿಸಬೇಡಿ, ಗೆರೆಯ ಅಂಚಲ್ಲಿ ಧೂಳು ಕೂತ ಹಾಗೆ ಬರುತ್ತೆ. ಟಿಫ್ ಕಳಿಸಿ.

ಅಕ್ಷರ. ಇಂಗ್ಲಿಷ್ ಕಾರ್ಟೂನ್ ನೋಡಿ ಮಾತಿನ ಗುಳ್ಳೆ ಮೊದಲು ಬರೆದು ಆಮೇಲೆ ಅಕ್ಷರ ತುರುಕುತ್ತಾರೆ. ಕನ್ನಡಕ್ಕೆ ಅದು ಆಗೋದಿಲ್ಲ. ‘ಗವಾಸ್ಕರ್’ ಬರೆದು ನೋಡಿ: ಸಕಾರದ ಕೆಳಗೆ ಕಕಾರದ ಒತ್ತು ಇಳಿಯುತ್ತೆ. ಕೆಳಸಾಲಿನಲ್ಲಿ ಅದರ ನೇರಕ್ಕೆ ‘ಕಿ’ ಅಥವಾ ‘ಲಿ’ ಬಂದರೆ ಗುಡಿಸು ಮೇಲಕ್ಕೆ ಏಳುತ್ತೆ. ಎರಡೂ ಡಿಕ್ಕಿ ಹೊಡೆದು ಇನ್ನೊಂದೇ ಅಕ್ಷರದ ಹಾಗೆ ಕಾಣುತ್ತೆ. ಅಕ್ಷರದ ಎತ್ತರ ಮೂಲದಲ್ಲಿ 5 ಮಿ.ಮೀ., ಒತ್ತಿಗೆ ಕೆಳಗೆ 3, ಗುಡಿಸಿಗೆ ಮೇಲೆ 2, ಉಸಿರಾಡಲು 1. ಒಟ್ಟು ಸಾಲಿಂದ ಸಾಲಿಗೆ 11. ಮೊದಲು ಅಕ್ಷರ ಬರೆಯಿರಿ, ಸುತ್ತ 4 ಮಿ.ಮೀ. ಬಿಟ್ಟು ಆಮೇಲೆ ಗುಳ್ಳೆ ಎಳೆಯಿರಿ. ನಾಲ್ಕು ಸಾಲಿಗಿಂತ ಹೆಚ್ಚಾದರೆ ಮಾತು ಕಡಿಮೆ ಮಾಡಿ, ಅಕ್ಷರ ಸಣ್ಣದು ಮಾಡಬೇಡಿ.

ಮಸಿಕುಡಿಕೆ
ಗವಾಸ್ಕರ್ ಚಿತ್ರ ಎರಡು ಚೌಕಕ್ಕೆ ಬದಲಾಯ್ತು. ಆಕೃತಿ 14, ಸ್ಟಂಪ್ 6, ಬ್ಯಾಟು 8.2 ಸೆಂ.ಮೀ. ಮುಖ ಲೈಟ್ ಬಾಕ್ಸ್ ಮೇಲೆ ನಕಲು. ಮಾತಿನ ಗುಳ್ಳೆ ಒಂದೂ ಇಲ್ಲ. ಪಿಯರ್ಸ್ ದೋಣಿ ಚಿತ್ರ ಪೂರ್ತಿ ತೆಗೆದುಹಾಕಿ ಹೊಸದಾಗಿ ಶುರು, ಬಾತುಕೋಳಿ ಎದುರಿಗೇ ಇದ್ದವು. ಗವಾಸ್ಕರ್ ಚಿತ್ರದಲ್ಲಿ ಸ್ಕೋರ್‌ಬೋರ್ಡ್ ಇಡಬಹುದಾ?

ಹಳೆಸ್ಕೋರು
ಇಡಿ, ಆದರೆ 9 ವಿಕೆಟ್‌ಗೆ 200 ಹಾಕಬೇಡಿ, ಅದು ಆಟ ಮುಗಿದಾಗಿನ ಲೆಕ್ಕ. ನಿಮ್ಮ ಚೌಕದಲ್ಲಿ ಭಟ್ ಇನ್ನೂ ಚೆಂಡು ಹಾಕ್ತಾ ಇದ್ದಾರೆ. ‘ಕರ್ನಾಟಕ 470’ ಒಂದನ್ನೇ ಹಾಕಿ. ಅದು ಆ ಗಂಟೆಯಿಡೀ ಬದಲಾಗದ ಅಂಕೆ, ಗವಾಸ್ಕರ್ ಯಾಕೆ ಹಾಗೆ ನಿಂತರು ಅನ್ನೋದನ್ನೂ ಅದೇ ಹೇಳುತ್ತೆ.

ಮೂರನೇಸ್ಲಿಪ್
ಬೋರ್ಡನ್ನು ಎರಡೂ ಚೌಕದಲ್ಲಿ ಒಂದೇ ಜಾಗದಲ್ಲಿಡಿ, ಸ್ಲಿಪ್ ಫೀಲ್ಡರ್ ತಲೆ ಹಿಂದೆ ಬರದ ಹಾಗೆ. ಎರಡನೇ ಚೌಕದಲ್ಲಿ ಅವನು ನಡೆದು ಬರೋದು ಬಲಕ್ಕೆ, ಹಾಗಾಗಿ ಬೋರ್ಡು ಎಡ ಮೇಲ್ಮೂಲೆಗೆ, ಮೊದಲ ಚೌಕದಲ್ಲಿ ಎಡಕ್ಕೆ ನಿಂತ ಸ್ಲಿಪ್ಪಿನ ತಲೆಗಿಂತ ಮೇಲೆ.